ಮೇರಿ ವೇರ್ ಡೆನೆಟ್

ಮೇರಿ ವೇರ್ ಡೆನೆಟ್ (ಏಪ್ರಿಲ್ 4, 1872 – ಜುಲೈ 25, 1947) ಅಮೆರಿಕ ಸಂಯುಕ್ತ ಸಂಸ್ಥಾನದ ಸಮಾಜ ಸುಧಾರಕಿ, ಲೇಖಕಿ ಮತ್ತು ಕರಕುಶಲ ಕಲಾವಿದೆ. ಮಹಿಳೆಯರ ಮತದಾನದ ಹಕ್ಕು, ಸಂತಾನ ನಿಯಂತ್ರಣ, ಲೈಂಗಿಕ ಶಿಕ್ಷಣ ಹಾಗೂ ವಿಶ್ವಶಾಂತಿಗಾಗಿ ನಡೆದ ಚಳವಳಿಗಳಲ್ಲಿ ಇವರು ಪ್ರಮುಖ ಪಾತ್ರ ವಹಿಸಿದ್ದರು. ಹದಿಹರೆಯಕ್ಕೆ ಕಾಲಿಡುತ್ತಿದ್ದ ತಮ್ಮ ಇಬ್ಬರು ಗಂಡುಮಕ್ಕಳಿಗೆ ಲೈಂಗಿಕತೆ ಮತ್ತು ಸಂತಾನೋತ್ಪತ್ತಿಯ ವಿಷಯವನ್ನು ವಿವರಿಸಲು 1915ರಲ್ಲಿ ಇವರು ಬರೆದ ದಿ ಸೆಕ್ಸ್ ಸೈಡ್ ಆಫ್ ಲೈಫ್ (ಬದುಕಿನ ಲೈಂಗಿಕ ಮುಖ) ಎಂಬ ಕಿರುಹೊತ್ತಿಗೆ ಇವರ ಹೆಸರನ್ನು ಇತಿಹಾಸದಲ್ಲಿ ಉಳಿಸಿದೆ.

ಈ ಕಿರುಹೊತ್ತಿಗೆಯನ್ನು ಅಂಚೆಯ ಮೂಲಕ ಕಳುಹಿಸಿದ್ದಕ್ಕಾಗಿ 1929ರಲ್ಲಿ ಇವರ ಮೇಲೆ ಅಶ್ಲೀಲ ಸಾಹಿತ್ಯ ಪ್ರಸಾರದ ಅಪರಾಧ ಸಾಬೀತಾಗಿ ದಂಡ ವಿಧಿಸಲಾಯಿತು. ಮರುವರ್ಷ ಮೇಲ್ಮನವಿ ನ್ಯಾಯಾಲಯವು ಆ ತೀರ್ಪನ್ನು ರದ್ದುಗೊಳಿಸಿತು. ಎಳೆಯರಿಗೆ ಲೈಂಗಿಕ ವಿಷಯವನ್ನು ಸಭ್ಯವಾದ ಭಾಷೆಯಲ್ಲಿ ಸತ್ಯವಾಗಿ ತಿಳಿಸುವುದು ಅಶ್ಲೀಲವಲ್ಲ ಎಂಬ ಆ ನಿರ್ಣಯವು ಅಮೆರಿಕದ ಕಾನೂನಿನಲ್ಲಿ ಒಂದು ಮೈಲಿಗಲ್ಲಾಗಿದೆ.

ಜನನ, ಬಾಲ್ಯ ಮತ್ತು ಶಿಕ್ಷಣ

ಮೇರಿಯವರು ಮ್ಯಾಸಚೂಸೆಟ್ಸ್ ರಾಜ್ಯದ ವುಸ್ಟರ್ ನಗರದಲ್ಲಿ ಜನಿಸಿದರು. ಅವರ ಜನ್ಮನಾಮ ಮೇರಿ ಕಾಫಿನ್ ವೇರ್. ತಂದೆ ಜಾರ್ಜ್ ವೇರ್ ಉಣ್ಣೆಯ ವ್ಯಾಪಾರಿಯಾಗಿದ್ದರು. ಮೇರಿಯವರಿಗೆ ಹತ್ತು ವರ್ಷವಾಗಿದ್ದಾಗ ತಂದೆ ಕ್ಯಾನ್ಸರ್‌ನಿಂದ ತೀರಿಕೊಂಡರು. ಬಳಿಕ ಕುಟುಂಬವು ಬಾಸ್ಟನ್ ನಗರಕ್ಕೆ ಸ್ಥಳಾಂತರಗೊಂಡಿತು. ತಾಯಿಯ ತಂಗಿ ಲೂಸಿಯಾ ಏಮ್ಸ್ ಮೀಡ್ ಶಾಂತಿ ಚಳವಳಿಯ ಹಾಗೂ ಮಹಿಳಾ ಹಕ್ಕುಗಳ ಪ್ರತಿಪಾದಕಿಯಾಗಿದ್ದು, ಮೇರಿಯವರ ಮೇಲೆ ಅವರ ಪ್ರಭಾವ ಗಣನೀಯವಾಗಿತ್ತು.

ಶಾಲಾ ಶಿಕ್ಷಣದ ನಂತರ ಮೇರಿಯವರು ಬಾಸ್ಟನ್‌ನ ಲಲಿತಕಲಾ ವಸ್ತುಸಂಗ್ರಹಾಲಯಕ್ಕೆ ಸೇರಿದ ಕಲಾಶಾಲೆಯಲ್ಲಿ ವಿನ್ಯಾಸ ಕಲೆಯನ್ನು ಅಭ್ಯಸಿಸಿದರು. 1894ರಿಂದ 1897ರವರೆಗೆ ಫಿಲಡೆಲ್ಫಿಯಾದ ಡ್ರೆಕ್ಸೆಲ್ ಸಂಸ್ಥೆಯಲ್ಲಿ ವಿನ್ಯಾಸ ಮತ್ತು ಅಲಂಕಾರ ಕಲೆಯನ್ನು ಬೋಧಿಸಿದರು. ಯೂರೋಪಿನ ಪ್ರವಾಸದಲ್ಲಿ ಬಣ್ಣ ಹಾಗೂ ಚಿನ್ನದ ಲೇಪನವಿರುವ ಹಳೆಯ ಕಾಲದ ಚರ್ಮದ ಕುಸುರಿ ಕೆಲಸ ಅವರನ್ನು ಆಕರ್ಷಿಸಿತು. ಹಿಂದಿರುಗಿದ ಮೇಲೆ ಸಹೋದರಿಯೊಡನೆ ಬಾಸ್ಟನ್‌ನಲ್ಲಿ ಕರಕುಶಲ ಅಂಗಡಿಯೊಂದನ್ನು ತೆರೆದು, ಮರೆಯಾಗುತ್ತಿದ್ದ ಆ ಕಲೆಯನ್ನು ಮತ್ತೆ ಬಳಕೆಗೆ ತಂದರು. ಬಾಸ್ಟನ್‌ನ ಕಲೆ ಮತ್ತು ಕರಕುಶಲ ಸಂಘದ ಆರಂಭದ ದಿನಗಳಲ್ಲಿಯೂ ಅವರು ಸಕ್ರಿಯರಾಗಿದ್ದರು.

ವಿವಾಹ ಮತ್ತು ಕುಟುಂಬ

1900ರ ಜನವರಿಯಲ್ಲಿ ಮೇರಿಯವರು ವಾಸ್ತುಶಿಲ್ಪಿ ವಿಲಿಯಂ ಹಾರ್ಟ್ಲಿ ಡೆನೆಟ್ ಅವರನ್ನು ವಿವಾಹವಾದರು. ಆರಂಭದ ವರ್ಷಗಳಲ್ಲಿ ದಂಪತಿಗಳು ಮನೆಗಳ ವಿನ್ಯಾಸ ಮತ್ತು ಒಳಾಂಗಣ ಅಲಂಕಾರದ ಕೆಲಸವನ್ನು ಜೊತೆಯಾಗಿ ನಡೆಸಿದರು. ಅದೇ ವರ್ಷದ ಡಿಸೆಂಬರ್‌ನಲ್ಲಿ ಮೊದಲ ಮಗ ಕಾರ್ಲ್ಟನ್ ಜನಿಸಿದನು. ಆ ಹೆರಿಗೆ ದೀರ್ಘವೂ ಕಷ್ಟಕರವೂ ಆಗಿತ್ತು. 1903ರಲ್ಲಿ ಹುಟ್ಟಿದ ಎರಡನೆಯ ಮಗ ಮೂರು ವಾರಗಳಲ್ಲಿ ತೀರಿಕೊಂಡನು. 1905ರಲ್ಲಿ ಕಿರಿಯ ಮಗ ಡೆವನ್ ಜನಿಸಿದಾಗ ಮೇರಿಯವರ ಆರೋಗ್ಯ ತೀವ್ರವಾಗಿ ಹದಗೆಟ್ಟು ಶಸ್ತ್ರಚಿಕಿತ್ಸೆಯ ಅಗತ್ಯ ಉಂಟಾಯಿತು.

ಇನ್ನು ಮಕ್ಕಳಾಗಬಾರದೆಂದು ವೈದ್ಯರು ಎಚ್ಚರಿಸಿದರು. ಆದರೆ ಗರ್ಭಧಾರಣೆಯನ್ನು ತಡೆಯುವ ಬಗೆಯನ್ನು ಯಾರೂ ತಿಳಿಸಲಿಲ್ಲ. ದಂಪತಿಗಳಿಬ್ಬರೂ ವಿದ್ಯಾವಂತರಾಗಿದ್ದರೂ ಈ ವಿಷಯದಲ್ಲಿ ಸಂಪೂರ್ಣ ಅಜ್ಞಾನಿಗಳಾಗಿದ್ದುದನ್ನು ಮೇರಿಯವರು ಮುಂದೆ ಸ್ಮರಿಸಿಕೊಂಡಿದ್ದಾರೆ. ವೈದ್ಯರ ಈ ಮೌನಕ್ಕೆ ಸಂಕೋಚದ ಜೊತೆಗೆ ಕಾನೂನಿನ ಭಯವೂ ಕಾರಣವಾಗಿತ್ತು. 1873ರಲ್ಲಿ ಜಾರಿಗೆ ಬಂದ ಕಾಮ್‌ಸ್ಟಾಕ್ ಕಾಯ್ದೆಯು ಅಶ್ಲೀಲ ಬರಹಗಳ ಜೊತೆಗೆ ಗರ್ಭನಿರೋಧದ ಸಾಧನ ಮತ್ತು ಮಾಹಿತಿಯನ್ನೂ ಅಂಚೆಯಲ್ಲಿ ಕಳುಹಿಸುವುದನ್ನು ನಿಷೇಧಿಸಿತ್ತು. ಹಲವು ರಾಜ್ಯಗಳಲ್ಲಿ ಇನ್ನೂ ಕಠಿಣವಾದ ಕಾನೂನುಗಳಿದ್ದವು.

ಕೆಲವು ವರ್ಷಗಳಲ್ಲಿ ಹಾರ್ಟ್ಲಿಯವರು ಇನ್ನೊಬ್ಬ ವಿವಾಹಿತ ಮಹಿಳೆಯೊಂದಿಗೆ ಆಪ್ತ ಸಂಬಂಧ ಬೆಳೆಸಿ, 1909ರಲ್ಲಿ ಮನೆಯನ್ನು ತೊರೆದರು. ಮಕ್ಕಳ ಪಾಲನೆಯ ಹಕ್ಕಿಗಾಗಿ ಮೇರಿಯವರು ನ್ಯಾಯಾಲಯದ ಮೊರೆ ಹೋಗಬೇಕಾಯಿತು. ಪ್ರಕರಣವು ಪತ್ರಿಕೆಗಳಿಗೆ ಆಹಾರವಾಯಿತು. 1913ರಲ್ಲಿ ವಿಚ್ಛೇದನ ಪೂರ್ಣಗೊಂಡು ಮಕ್ಕಳ ಪಾಲನೆಯ ಹೊಣೆ ತಾಯಿಗೆ ದೊರೆಯಿತು. ಇಬ್ಬರು ಗಂಡುಮಕ್ಕಳನ್ನು ಸಲಹುವುದಕ್ಕಾಗಿ ದುಡಿಮೆಯೂ ಅನಿವಾರ್ಯವಾಯಿತು.

ಮತದಾನದ ಹಕ್ಕಿನ ಚಳವಳಿ

1908ರಲ್ಲಿ ಮೇರಿಯವರು ಮ್ಯಾಸಚೂಸೆಟ್ಸ್ ಮಹಿಳಾ ಮತದಾನ ಸಂಘದ ಕ್ಷೇತ್ರ ಕಾರ್ಯದರ್ಶಿಯಾಗಿ ನೇಮಕಗೊಂಡರು. 1910ರಲ್ಲಿ ರಾಷ್ಟ್ರೀಯ ಅಮೆರಿಕನ್ ಮಹಿಳಾ ಮತದಾನ ಸಂಘದ ಪತ್ರವ್ಯವಹಾರ ಕಾರ್ಯದರ್ಶಿಯಾಗಿ ಆಯ್ಕೆಯಾಗಿ ನ್ಯೂಯಾರ್ಕ್‌ಗೆ ತೆರಳಿದರು. ಪ್ರಚಾರ ಸಾಹಿತ್ಯವನ್ನು ಸಿದ್ಧಪಡಿಸಿ ದೇಶದಾದ್ಯಂತ ಹಂಚುವ ಕೆಲಸದಲ್ಲಿ ಅವರು ಪರಿಣತಿ ಪಡೆದರು. ಸಂಘದ ಆಡಳಿತದ ಬಗ್ಗೆ ಅಸಮಾಧಾನಗೊಂಡು 1914ರಲ್ಲಿ ಆ ಹುದ್ದೆಯನ್ನು ತೊರೆದರು. ಸರಳವಾದ ಭಾಷೆಯಲ್ಲಿ ಕಿರುಹೊತ್ತಿಗೆ ಬರೆಯುವ, ಅಂಚೆಯ ಮೂಲಕ ಅದನ್ನು ಓದುಗರಿಗೆ ತಲುಪಿಸುವ ಈ ಅನುಭವ ಮುಂದೆ ಅವರ ಬದುಕಿಗೆ ಬೇರೆಯೇ ತಿರುವನ್ನು ನೀಡಿತು.

ಮಕ್ಕಳಿಗಾಗಿ ಬರೆದ ಕಿರುಹೊತ್ತಿಗೆ

ಹಿನ್ನೆಲೆ

1915ರ ವೇಳೆಗೆ ಹಿರಿಯ ಮಗನಿಗೆ ಹದಿನಾಲ್ಕು ವರ್ಷವಾಗಿತ್ತು. ಕಿರಿಯವನು ಅವನಿಗಿಂತ ನಾಲ್ಕು ವರ್ಷಗಳಷ್ಟು ಚಿಕ್ಕವನು. ಲೈಂಗಿಕತೆಯ ಬಗ್ಗೆ ಮಕ್ಕಳಿಗೆ ತಿಳಿಸಬೇಕಾದ ಸಮಯ ಬಂದಿದೆಯೆಂದು ಮೇರಿಯವರು ನಿಶ್ಚಯಿಸಿದರು. ಮಕ್ಕಳ ಕೈಗೆ ಕೊಡಬಹುದಾದ ಒಳ್ಳೆಯ ಪುಸ್ತಕವೊಂದನ್ನು ಆರಿಸುವುದು ಅವರ ಮೊದಲ ಉದ್ದೇಶವಾಗಿತ್ತು. ಅದಕ್ಕಾಗಿ ಸುಮಾರು ಅರವತ್ತು ಪುಸ್ತಕ ಮತ್ತು ಕಿರುಹೊತ್ತಿಗೆಗಳನ್ನು ಪರಿಶೀಲಿಸಿದರು. ಅವುಗಳಲ್ಲಿ ಒಂದೂ ಅವರಿಗೆ ತೃಪ್ತಿ ನೀಡಲಿಲ್ಲ. ಹೂವು, ಪರಾಗ, ಹಕ್ಕಿ, ಮೊಟ್ಟೆಗಳ ಬಗ್ಗೆ ವಿವರವಾಗಿ ಹೇಳುವ ಬರಹಗಳು ಮನುಷ್ಯರ ವಿಷಯಕ್ಕೆ ಬಂದಾಗ ಅಸ್ಪಷ್ಟವಾಗುತ್ತಿದ್ದವು. ಇನ್ನು ಕೆಲವು ರೋಗ ಮತ್ತು ಪಾಪದ ಭಯವನ್ನು ಮಾತ್ರ ಬಿತ್ತುತ್ತಿದ್ದವು. ಆದ್ದರಿಂದ ಮಕ್ಕಳಿಗೆ ಹೇಳಬೇಕಾದುದನ್ನು ತಾವೇ ಬರೆದುಕೊಡಲು ಅವರು ನಿರ್ಧರಿಸಿದರು.

ವಿಷಯ

ಈ ಕೃತಿಯಲ್ಲಿ ಎರಡು ಭಾಗಗಳಿವೆ. ಹಿರಿಯರನ್ನು ಉದ್ದೇಶಿಸಿದ ಪೀಠಿಕೆಯಲ್ಲಿ ಲೈಂಗಿಕತೆಯನ್ನು ಶರೀರಶಾಸ್ತ್ರ, ನಿಸರ್ಗ ವಿಜ್ಞಾನ, ನೀತಿ ಮತ್ತು ಭಾವನೆ ಎಂಬ ನಾಲ್ಕು ನೆಲೆಗಳಿಂದ ನೋಡಬೇಕೆಂದು ಲೇಖಕಿ ಪ್ರತಿಪಾದಿಸುತ್ತಾರೆ. ಅಂದಿನ ಬರಹಗಳು ಭಾವನೆಯ ಪಾತ್ರವನ್ನು ಬಹುತೇಕ ಕೈಬಿಟ್ಟಿದ್ದವು ಎಂಬುದು ಅವರ ಆಕ್ಷೇಪವಾಗಿತ್ತು. ಹಿರಿಯರು ನಾಚಿಕೊಂಡರೆ ಕಿರಿಯರೂ ಆ ವಿಷಯವನ್ನು ನಾಚಿಕೆಗೇಡಿನದೆಂದು ಭಾವಿಸುತ್ತಾರೆ ಎಂಬುದು ಅವರ ನಿಲುವು.

ಎರಡನೆಯ ಭಾಗ ಹದಿಹರೆಯದವರನ್ನೇ ನೇರವಾಗಿ ಸಂಬೋಧಿಸುತ್ತದೆ. ಗಂಡು ಹೆಣ್ಣುಗಳ ಜನನಾಂಗಗಳನ್ನು ವೈದ್ಯಶಾಸ್ತ್ರದ ಸರಿಯಾದ ಹೆಸರುಗಳಿಂದಲೇ ಕರೆದು, ರೇಖಾಚಿತ್ರಗಳ ಸಹಾಯದಿಂದ ಅವುಗಳ ರಚನೆ ಮತ್ತು ಕಾರ್ಯವನ್ನು ವಿವರಿಸಲಾಗಿದೆ. ಲೈಂಗಿಕ ಕೂಟವನ್ನು ಸಂತಾನೋತ್ಪತ್ತಿಯ ಕ್ರಿಯೆಯೆಂದು ಮಾತ್ರ ನೋಡದೆ, ಪರಸ್ಪರ ಪ್ರೀತಿಸುವವರಿಗೆ ಆನಂದ ನೀಡುವ ಅನುಭವವೆಂದೂ ವರ್ಣಿಸಲಾಗಿದೆ. ಹಸ್ತಮೈಥುನದಿಂದ ಹುಚ್ಚು ಮತ್ತು ದೌರ್ಬಲ್ಯ ಬರುತ್ತವೆಂಬ ಅಂದಿನ ನಂಬಿಕೆಯನ್ನು ಲೇಖಕಿ ಒಪ್ಪುವುದಿಲ್ಲ. ಅದರ ಬಗೆಗಿನ ಚಿಂತೆಯೇ ಹೆಚ್ಚು ಹಾನಿಕರವೆಂದು ಸಮಾಧಾನ ಹೇಳುತ್ತಾರೆ. ಲೈಂಗಿಕ ರೋಗಗಳ ಅಪಾಯವನ್ನು ಮರೆಮಾಚದಿದ್ದರೂ ಅವು ಚಿಕಿತ್ಸೆಯಿಂದ ಗುಣವಾಗಬಲ್ಲವೆಂದು ತಿಳಿಸುತ್ತಾರೆ. ವೇಶ್ಯಾವಾಟಿಕೆಯ ವಿಷಯವನ್ನೂ ಅವರು ಮುಚ್ಚಿಡುವುದಿಲ್ಲ.

ಗರ್ಭನಿರೋಧದ ವಿಧಾನಗಳು ಈ ಕೃತಿಯಲ್ಲಿಲ್ಲ. ಆ ಮಾಹಿತಿಯನ್ನು ನೀಡುವುದು ಕಾನೂನಿನ ಪ್ರಕಾರ ಅಪರಾಧವಾಗಿದೆಯೆಂದು ಯುವ ಓದುಗರಿಗೆ ತಿಳಿಸಿ ಲೇಖಕಿ ಅಲ್ಲಿಗೆ ನಿಲ್ಲಿಸುತ್ತಾರೆ. ಕೃತಿಯ ಇಡೀ ವಿವರಣೆಯು ಗಂಡು ಹೆಣ್ಣಿನ ಪ್ರೇಮದ ಚೌಕಟ್ಟಿನೊಳಗೇ ಸಾಗುತ್ತದೆ. ಈ ಮಿತಿಗಳ ನಡುವೆಯೂ, ಭಯ ಹುಟ್ಟಿಸದೆ ಮಾತನಾಡುವ ಧಾಟಿ ಅದನ್ನು ಸಮಕಾಲೀನ ಬರಹಗಳಿಂದ ಬೇರೆಯಾಗಿಸಿತು.

ಪ್ರಕಟಣೆ

ಹಸ್ತಪ್ರತಿಯನ್ನು ಮೊದಲು ಓದಿದವರು ಮೇರಿಯವರ ಮಕ್ಕಳು. ನಂತರ ಅದು ಸ್ನೇಹಿತರ, ಅವರ ಮಕ್ಕಳ ಕೈಗೆ ದಾಟುತ್ತಾ ಹೋಯಿತು. ಮೆಡಿಕಲ್ ರಿವ್ಯೂ ಆಫ್ ರಿವ್ಯೂಸ್ ಎಂಬ ವೈದ್ಯಕೀಯ ನಿಯತಕಾಲಿಕೆಯವರ ಗಮನಕ್ಕೆ ಬಂದು, 1918ರಲ್ಲಿ ಆ ಪತ್ರಿಕೆಯಲ್ಲಿ ಅಚ್ಚಾಯಿತು. ಓದುಗರಿಂದ ಬೇಡಿಕೆ ಬಂದುದರಿಂದ ಮರುವರ್ಷ ಮೇರಿಯವರೇ ಅದನ್ನು ಕಿರುಹೊತ್ತಿಗೆಯ ರೂಪದಲ್ಲಿ ಪ್ರಕಟಿಸಿದರು. ಬಿಡಿ ಪ್ರತಿಯ ಬೆಲೆ 25 ಸೆಂಟ್. ಹೆಚ್ಚು ಪ್ರತಿಗಳನ್ನು ಕೊಳ್ಳುವವರಿಗೆ ಅದಕ್ಕಿಂತ ಕಡಿಮೆ ದರ. ತಂದೆತಾಯಿಗಳ ಜೊತೆಗೆ ಕ್ರೈಸ್ತ ಯುವಜನರ ಸಂಘಗಳು, ಯೂನಿಯನ್ ಥಿಯಾಲಾಜಿಕಲ್ ಸೆಮಿನರಿ, ಸಾರ್ವಜನಿಕ ಆರೋಗ್ಯ ಇಲಾಖೆಗಳು ಮತ್ತು ಸಮಾಜ ಸೇವಾ ಸಂಸ್ಥೆಗಳೂ ಪ್ರತಿಗಳನ್ನು ತರಿಸಿಕೊಂಡವು. ಮೇಲ್ಮನವಿ ನ್ಯಾಯಾಲಯದ ತೀರ್ಪಿನಲ್ಲಿ ನಮೂದಾಗಿರುವಂತೆ, ಹೀಗೆ ಸುಮಾರು 25,000 ಪ್ರತಿಗಳು ವಿತರಣೆಯಾಗಿದ್ದವು.

ಕಾಮ್‌ಸ್ಟಾಕ್ ಕಾಯ್ದೆಯ ವಿರುದ್ಧ ಹೋರಾಟ

ಕಿರುಹೊತ್ತಿಗೆಯನ್ನು ಬರೆದ 1915ರಲ್ಲಿಯೇ ಮೇರಿಯವರು ಜೆಸ್ಸಿ ಆಶ್ಲಿ ಮತ್ತು ಕ್ಲಾರಾ ಗ್ರೂನಿಂಗ್ ಸ್ಟಿಲ್ಮನ್ ಅವರೊಂದಿಗೆ ರಾಷ್ಟ್ರೀಯ ಸಂತಾನ ನಿಯಂತ್ರಣ ಸಂಘವನ್ನು ಸ್ಥಾಪಿಸಿದರು. 1919ರಲ್ಲಿ ಸ್ವಯಂಪ್ರೇರಿತ ಪಿತೃತ್ವ-ಮಾತೃತ್ವ ಸಂಘವನ್ನು (ವಾಲಂಟರಿ ಪೇರೆಂಟ್‌ಹುಡ್ ಲೀಗ್) ಕಟ್ಟಿದರು. ಒಕ್ಕೂಟದ ಕಾನೂನಿನ ಅಶ್ಲೀಲತೆಯ ವ್ಯಾಖ್ಯೆಯಿಂದ ಗರ್ಭನಿರೋಧದ ಉಲ್ಲೇಖವನ್ನು ತೆಗೆದುಹಾಕುವುದು ಈ ಸಂಘದ ಗುರಿಯಾಗಿತ್ತು.

ಈ ವಿಷಯದಲ್ಲಿ ಅವರಿಗೂ ಆ ಕಾಲದ ಇನ್ನೊಬ್ಬ ಪ್ರಮುಖ ನಾಯಕಿ ಮಾರ್ಗರೆಟ್ ಸ್ಯಾಂಗರ್ ಅವರಿಗೂ ಭಿನ್ನಾಭಿಪ್ರಾಯವಿತ್ತು. ಗರ್ಭನಿರೋಧದ ಮಾಹಿತಿ ನೀಡುವ ಅಧಿಕಾರವನ್ನು ವೈದ್ಯರಿಗೆ ಕೊಡಿಸುವ ಮಸೂದೆಯನ್ನು ಸ್ಯಾಂಗರ್ ಬೆಂಬಲಿಸಿದರು. ಜ್ಞಾನ ಒಂದು ವೃತ್ತಿಯವರ ಸ್ವತ್ತಾಗಬಾರದು, ಅದು ಎಲ್ಲ ಪ್ರಜೆಗಳಿಗೂ ಮುಕ್ತವಾಗಿರಬೇಕು ಎಂಬುದು ಡೆನೆಟ್ ಅವರ ನಿಲುವಾಗಿತ್ತು. ವೈದ್ಯರ ಬಳಿಗೆ ಹೋಗಲಾಗದ ಬಡವರಿಗೆ ಸ್ಯಾಂಗರ್ ಅವರ ಮಾರ್ಗದಿಂದ ಪ್ರಯೋಜನವಾಗದೆಂದು ಅವರು ವಾದಿಸಿದರು.

ಮಸೂದೆಯನ್ನು ಮಂಡಿಸಲು ಒಪ್ಪುವ ಶಾಸಕರನ್ನು ಹುಡುಕುವುದಕ್ಕೇ ಹಲವು ವರ್ಷಗಳು ಬೇಕಾದವು. ಅನೇಕ ಸದಸ್ಯರು ಖಾಸಗಿಯಾಗಿ ಸಹಮತ ಸೂಚಿಸಿದರೂ ಸಾರ್ವಜನಿಕವಾಗಿ ಮಾತನಾಡಲು ಮುಜುಗರಪಟ್ಟರು. ಕೊನೆಗೆ 1923ರಲ್ಲಿ ಸೆನೆಟರ್ ಆಲ್ಬರ್ಟ್ ಕಮಿನ್ಸ್ ಮತ್ತು ಪ್ರತಿನಿಧಿ ಜಾನ್ ಕಿಸೆಲ್ ಮಸೂದೆಯನ್ನು ಮಂಡಿಸಿದರು. ಮರುವರ್ಷ ಕಮಿನ್ಸ್ ಮತ್ತು ವಿಲಿಯಂ ವೇಲ್ ಅದನ್ನು ಮತ್ತೆ ತಂದರು. ಎರಡು ಬಾರಿಯೂ ಅದು ಅಂಗೀಕಾರವಾಗಲಿಲ್ಲ. 1925ರಲ್ಲಿ ಮೇರಿಯವರು ಸಂಘದ ಹೊಣೆಯಿಂದ ಹಿಂದೆ ಸರಿದರು. ಮರುವರ್ಷ ಸಂತಾನ ನಿಯಂತ್ರಣದ ಕಾನೂನುಗಳ ಕುರಿತು ಗ್ರಂಥವೊಂದನ್ನು ಪ್ರಕಟಿಸಿದರು.

ಅಂಚೆ ನಿಷೇಧ ಮತ್ತು ಮೊಕದ್ದಮೆ

1922ರಲ್ಲಿ ಅಂಚೆ ಇಲಾಖೆಯು ಕಿರುಹೊತ್ತಿಗೆಯನ್ನು ಅಶ್ಲೀಲವೆಂದು ಘೋಷಿಸಿ ಅಂಚೆಯಲ್ಲಿ ಕಳುಹಿಸುವುದನ್ನು ನಿಷೇಧಿಸಿತು. ಯಾವ ಭಾಗ ಅಶ್ಲೀಲವೆಂದು ತಿಳಿಸುವಂತೆ ಮೇರಿಯವರು ಇಲಾಖೆಗೆ ಬರೆದ ಪತ್ರಗಳಿಗೆ ಸ್ಪಷ್ಟ ಉತ್ತರ ದೊರೆಯಲಿಲ್ಲ. ಕಾನೂನಿನ ವಿರುದ್ಧ ತಾವು ನಡೆಸುತ್ತಿದ್ದ ಚಳವಳಿಯೇ ಈ ಕ್ರಮಕ್ಕೆ ಕಾರಣವೆಂದು ಅವರು ನಂಬಿದ್ದರು. ನಿಷೇಧದ ನಂತರವೂ ಕೇಳಿದವರಿಗೆ ಮೊಹರು ಮಾಡಿದ ಲಕೋಟೆಯಲ್ಲಿ ಪ್ರತಿಗಳನ್ನು ಕಳುಹಿಸುವುದನ್ನು ಅವರು ಮುಂದುವರಿಸಿದರು.

ವರ್ಜೀನಿಯಾ ರಾಜ್ಯದ ಗ್ರಾಟೋಸ್ ಎಂಬ ಊರಿನಿಂದ ಮಹಿಳೆಯೊಬ್ಬರ ಹೆಸರಿನಲ್ಲಿ ಬಂದ ಬೇಡಿಕೆಗೆ ಅವರು ಎಂದಿನಂತೆ ಪ್ರತಿಯನ್ನು ಕಳುಹಿಸಿದರು. ಆ ಹೆಸರಿನ ಮಹಿಳೆ ಇರಲೇ ಇಲ್ಲ. ಸಾಕ್ಷ್ಯಕ್ಕಾಗಿ ಅಂಚೆ ಇಲಾಖೆಯ ತನಿಖಾಧಿಕಾರಿಯೇ ಆ ಪತ್ರವನ್ನು ಬರೆದಿದ್ದನು. ಇದರ ಆಧಾರದ ಮೇಲೆ ಮೇರಿಯವರ ವಿರುದ್ಧ ಆರೋಪ ಹೊರಿಸಲಾಯಿತು. ಆ ಅಪರಾಧಕ್ಕೆ ಐದು ವರ್ಷಗಳ ಸೆರೆವಾಸ, 5,000 ಡಾಲರ್ ದಂಡ ಅಥವಾ ಎರಡನ್ನೂ ವಿಧಿಸುವ ಅವಕಾಶವಿತ್ತು. ಅಮೆರಿಕನ್ ನಾಗರಿಕ ಸ್ವಾತಂತ್ರ್ಯ ಸಂಘದ ಬೆಂಬಲದೊಂದಿಗೆ ವಕೀಲ ಮಾರಿಸ್ ಅರ್ನ್ಸ್ಟ್ ಅವರ ಪರವಾಗಿ ವಾದಿಸಿದರು.

ವಿಚಾರಣೆಯು 1929ರ ಏಪ್ರಿಲ್‌ನಲ್ಲಿ ಬ್ರೂಕ್ಲಿನ್‌ನ ಒಕ್ಕೂಟ ನ್ಯಾಯಾಲಯದಲ್ಲಿ ನಡೆಯಿತು. ತೀರ್ಪುಗಾರರ ಮಂಡಳಿಯಲ್ಲಿದ್ದವರೆಲ್ಲರೂ ಪುರುಷರು. ಪುಸ್ತಕವನ್ನು ತರಿಸಿಕೊಂಡ ಸಂಸ್ಥೆಗಳ ಬೇಡಿಕೆಗಳನ್ನಾಗಲಿ, ಪ್ರಕಟಣೆಯಲ್ಲಿ ಲಾಭದ ಉದ್ದೇಶವಿರಲಿಲ್ಲವೆಂದು ತೋರಿಸುವ ಲೆಕ್ಕಪತ್ರಗಳನ್ನಾಗಲಿ ಸಾಕ್ಷ್ಯವಾಗಿ ಮಂಡಿಸಲು ನ್ಯಾಯಾಲಯ ಅನುಮತಿ ನೀಡಲಿಲ್ಲ. ಒಂದು ಗಂಟೆಗೂ ಕಡಿಮೆ ಅವಧಿಯ ಚರ್ಚೆಯ ನಂತರ, ಏಪ್ರಿಲ್ 23ರಂದು ಮಂಡಳಿಯು ಅವರನ್ನು ಅಪರಾಧಿಯೆಂದು ಸಾರಿತು. 300 ಡಾಲರ್ ದಂಡ ವಿಧಿಸಲಾಯಿತು. ದಂಡ ತೆರುವುದಿಲ್ಲ, ಅಗತ್ಯವಾದರೆ ಸೆರೆಮನೆಗೆ ಹೋಗಲು ಸಿದ್ಧ ಎಂದು ಮೇರಿಯವರು ಪ್ರಕಟಿಸಿದರು. ಅವರಿಗೆ ಆಗ 57 ವರ್ಷ. ಯಾರಿಗಾಗಿ ಆ ಬರಹ ಹುಟ್ಟಿತೋ ಆ ಮಕ್ಕಳು 28 ಮತ್ತು 23 ವರ್ಷದ ಯುವಕರಾಗಿದ್ದರು. ತೀರ್ಪು ದೇಶದಾದ್ಯಂತ ಪತ್ರಿಕೆಗಳಲ್ಲಿ ಖಂಡನೆಗೆ ಗುರಿಯಾಯಿತು. ಅವರ ರಕ್ಷಣೆಗಾಗಿ ಸಮಿತಿಯೊಂದು ರಚನೆಯಾಯಿತು. ಕಿರುಹೊತ್ತಿಗೆಗೆ ಬೇಡಿಕೆಯೂ ಹೆಚ್ಚಿತು.

ಮೇಲ್ಮನವಿ ನ್ಯಾಯಾಲಯದ ತೀರ್ಪು

1930ರ ಮಾರ್ಚ್ 3ರಂದು ಎರಡನೆಯ ವಲಯದ ಒಕ್ಕೂಟ ಮೇಲ್ಮನವಿ ನ್ಯಾಯಾಲಯವು ಶಿಕ್ಷೆಯನ್ನು ರದ್ದುಪಡಿಸಿತು. ತೀರ್ಪನ್ನು ಬರೆದವರು ನ್ಯಾಯಮೂರ್ತಿ ಆಗಸ್ಟಸ್ ಹ್ಯಾಂಡ್.

ಅಶ್ಲೀಲತೆಯನ್ನು ಅಳೆಯಲು ಅಮೆರಿಕದ ನ್ಯಾಯಾಲಯಗಳು ಅಲ್ಲಿಯವರೆಗೆ ಹೆಚ್ಚಾಗಿ 1868ರ ಹಿಕ್ಲಿನ್ ಪ್ರಕರಣದ ಇಂಗ್ಲಿಷ್ ನಿಯಮವನ್ನು ಅನುಸರಿಸುತ್ತಿದ್ದವು. ದುಷ್ಪ್ರಭಾವಕ್ಕೆ ಒಳಗಾಗಬಲ್ಲ ಓದುಗನ ಮನಸ್ಸನ್ನು ಕೆಡಿಸುವ ಪ್ರವೃತ್ತಿ ಬರಹಕ್ಕೆ ಇದೆಯೇ ಎಂಬುದೇ ಅದರ ಒರೆಗಲ್ಲು. ಈ ಅಳತೆಯ ಪ್ರಕಾರ ಎಳೆಯರಿಗಾಗಿ ಬರೆದ ಲೈಂಗಿಕ ಶಿಕ್ಷಣದ ಯಾವ ಪುಸ್ತಕವೂ ಆಕ್ಷೇಪದಿಂದ ಪಾರಾಗುವುದು ಕಷ್ಟವಾಗಿತ್ತು.

ಲೈಂಗಿಕ ವಿಷಯದ ಯಾವುದೇ ವಿವರಣೆ ಕೆಲವರಲ್ಲಿ ಕಾಮಭಾವವನ್ನು ಪ್ರಚೋದಿಸಬಹುದೆಂಬುದನ್ನು ನ್ಯಾಯಾಲಯ ಒಪ್ಪಿಕೊಂಡಿತು. ಆದರೆ ಅಷ್ಟರಿಂದಲೇ ಎಳೆಯರನ್ನು ಅಜ್ಞಾನದಲ್ಲಿಡಬೇಕೆಂಬ ವಾದವನ್ನು ಅದು ಮಾನ್ಯಮಾಡಲಿಲ್ಲ. ನಿಗೂಢತೆ ಮತ್ತು ಅನಾರೋಗ್ಯಕರ ಕುತೂಹಲಕ್ಕಿಂತ ನಿಖರವಾದ ತಿಳಿವಳಿಕೆ ಮೇಲೆಂದು ಅಭಿಪ್ರಾಯಪಟ್ಟಿತು. ಲೈಂಗಿಕ ಜೀವನದ ಸತ್ಯಾಂಶಗಳನ್ನು ಸಭ್ಯ ಭಾಷೆಯಲ್ಲಿ, ಗಂಭೀರ ಹಾಗೂ ನಿಸ್ವಾರ್ಥ ಮನೋಭಾವದಿಂದ ನಿರೂಪಿಸುವ ಬರಹವನ್ನು ಸಾಮಾನ್ಯವಾಗಿ ಅಶ್ಲೀಲವೆನ್ನಲಾಗದೆಂದು ನಿರ್ಣಯಿಸಿತು. ಬರಹದ ಮುಖ್ಯ ಪರಿಣಾಮವನ್ನು ಗಮನಿಸಬೇಕೇ ಹೊರತು ಆಕಸ್ಮಿಕ ಪರಿಣಾಮವನ್ನಲ್ಲ ಎಂಬುದು ಈ ತೀರ್ಪಿನ ತಿರುಳಾಗಿತ್ತು.

ನಂತರದ ವರ್ಷಗಳು ಮತ್ತು ನಿಧನ

ಪ್ರಕರಣದ ಅನುಭವವನ್ನು ಮೇರಿಯವರು 1930ರಲ್ಲಿ ಹೂಸ್ ಅಬ್ಸೀನ್? (ಅಶ್ಲೀಲರು ಯಾರು?) ಎಂಬ ಗ್ರಂಥದಲ್ಲಿ ದಾಖಲಿಸಿದರು. 1931ರಲ್ಲಿ ಮಕ್ಕಳ ಲೈಂಗಿಕ ಶಿಕ್ಷಣವನ್ನು ಕುರಿತ ಅವರ ಇನ್ನೊಂದು ಪುಸ್ತಕ ಹೊರಬಂದಿತು. ಕಿರುಹೊತ್ತಿಗೆ ಮುಖ್ಯವಾಗಿ ಎಳೆಯರಿಗೆ ಮೀಸಲಾಗಿದ್ದರೆ, ಈ ಪುಸ್ತಕ ತಂದೆತಾಯಿಗಳನ್ನೇ ಉದ್ದೇಶಿಸಿ ಬರೆದದ್ದು.

ಮೊದಲನೆಯ ಮಹಾಯುದ್ಧದ ಕಾಲದಿಂದಲೂ ಶಾಂತಿವಾದಿಯಾಗಿದ್ದ ಅವರು, ಎರಡನೆಯ ಮಹಾಯುದ್ಧದ ವರ್ಷಗಳಲ್ಲಿ ರಾಷ್ಟ್ರಗಳ ಮೇಲೊಂದು ವಿಶ್ವ ಸರ್ಕಾರವಿರಬೇಕೆಂಬ ಚಳವಳಿಯಲ್ಲಿ ತೊಡಗಿಕೊಂಡರು. ಚರ್ಮದ ಕುಸುರಿ ಕೆಲಸಕ್ಕೂ ಮರಳಿದರು. 1947ರ ಜುಲೈ 25ರಂದು ನ್ಯೂಯಾರ್ಕ್ ರಾಜ್ಯದ ವಲೇಷಿಯ ಆರೈಕೆ ಗೃಹವೊಂದರಲ್ಲಿ, ತಮ್ಮ 75ನೆಯ ವಯಸ್ಸಿನಲ್ಲಿ ನಿಧನರಾದರು.

ಪ್ರಭಾವ

ಡೆನೆಟ್ ಪ್ರಕರಣದ ನಂತರ ಅಮೆರಿಕನ್ ನಾಗರಿಕ ಸ್ವಾತಂತ್ರ್ಯ ಸಂಘವು ರಾಜಕೀಯ ಅಭಿವ್ಯಕ್ತಿಯ ಜೊತೆಗೆ ಸಾಹಿತ್ಯ, ಕಲೆ ಮತ್ತು ಲೈಂಗಿಕ ಶಿಕ್ಷಣದ ಮೇಲಿನ ನಿರ್ಬಂಧಗಳನ್ನೂ ತನ್ನ ಕಾರ್ಯವ್ಯಾಪ್ತಿಗೆ ಸೇರಿಸಿಕೊಂಡಿತು. ವಕೀಲ ಅರ್ನ್ಸ್ಟ್ ಮುಂದೆ ಜೇಮ್ಸ್ ಜಾಯ್ಸ್ ಅವರ ಯುಲಿಸಿಸ್ ಕಾದಂಬರಿಯ ಪರವಾಗಿ ವಾದಿಸಿ ಗೆದ್ದರು. 1934ರಲ್ಲಿ ಆ ಪ್ರಕರಣದ ಮೇಲ್ಮನವಿಯ ತೀರ್ಪನ್ನು ಬರೆದ ಆಗಸ್ಟಸ್ ಹ್ಯಾಂಡ್ ಅವರು ಡೆನೆಟ್ ತೀರ್ಪನ್ನು ಆಧಾರವಾಗಿ ಬಳಸಿಕೊಂಡರು. ವೈದ್ಯರು ಗರ್ಭನಿರೋಧದ ಸಾಧನಗಳನ್ನು ತರಿಸಿಕೊಳ್ಳಲು ಅವಕಾಶ ಮಾಡಿಕೊಟ್ಟ 1936ರ ತೀರ್ಪೂ ಅವರದೇ. ಒಕ್ಕೂಟದ ಅಂಚೆ ಕಾನೂನಿನಿಂದ ಗರ್ಭನಿರೋಧದ ಉಲ್ಲೇಖವನ್ನು ಅಮೆರಿಕದ ಕಾಂಗ್ರೆಸ್ ತೆಗೆದುಹಾಕಿದ್ದು 1971ರಲ್ಲಿ, ಮೇರಿಯವರು ತೀರಿಕೊಂಡು 24 ವರ್ಷಗಳಾದ ಮೇಲೆ.

ಮಾರ್ಗರೆಟ್ ಸ್ಯಾಂಗರ್ ಅವರ ಖ್ಯಾತಿಯ ಮುಂದೆ ಡೆನೆಟ್ ಅವರ ಹೆಸರು ಬಹುಕಾಲ ಹಿನ್ನೆಲೆಯಲ್ಲಿ ಉಳಿದಿತ್ತು. 1996ರಲ್ಲಿ ಕಾನ್‌ಸ್ಟನ್ಸ್ ಚೆನ್ ಬರೆದ ಜೀವನಚರಿತ್ರೆ ಅವರ ಕೊಡುಗೆಯನ್ನು ಹೊಸ ಓದುಗರಿಗೆ ಪರಿಚಯಿಸಿತು. ಅವರ ಪತ್ರಗಳು ಮತ್ತು ದಾಖಲೆಗಳನ್ನು ಹಾರ್ವರ್ಡ್ ವಿಶ್ವವಿದ್ಯಾಲಯದ ರ‍್ಯಾಡ್‌ಕ್ಲಿಫ್ ಸಂಸ್ಥೆಯ ಶ್ಲೆಸಿಂಜರ್ ಗ್ರಂಥಾಲಯದಲ್ಲಿ ಸಂರಕ್ಷಿಸಲಾಗಿದೆ. ಲೈಂಗಿಕ ಮತ್ತು ಸಂತಾನೋತ್ಪತ್ತಿ ಆರೋಗ್ಯದ ಬಗ್ಗೆ ಮಕ್ಕಳೊಡನೆ ಮಾತನಾಡುವುದು ತಂದೆತಾಯಿಗಳ ಹಕ್ಕೂ ಹೊಣೆಯೂ ಆಗಿದೆಯೆಂಬ ವಿಚಾರದ ಇತಿಹಾಸದಲ್ಲಿ, ಮನೆಯೊಳಗಿನ ಅಗತ್ಯಕ್ಕಾಗಿ ಹುಟ್ಟಿ ನ್ಯಾಯಾಲಯದವರೆಗೆ ಸಾಗಿದ ಅವರ ಕಿರುಹೊತ್ತಿಗೆಗೆ ವಿಶಿಷ್ಟ ಸ್ಥಾನವಿದೆ.

ಪ್ರಮುಖ ಕೃತಿಗಳು

ದಿ ಸೆಕ್ಸ್ ಸೈಡ್ ಆಫ್ ಲೈಫ್ (ಪತ್ರಿಕೆಯಲ್ಲಿ 1918, ಕಿರುಹೊತ್ತಿಗೆಯಾಗಿ 1919)
ಬರ್ತ್ ಕಂಟ್ರೋಲ್ ಲಾಸ್ (1926)
ಹೂಸ್ ಅಬ್ಸೀನ್? (1930)
ದಿ ಸೆಕ್ಸ್ ಎಜುಕೇಶನ್ ಆಫ್ ಚಿಲ್ಡ್ರನ್ (1931)